ತುರ್ತು ಚಿಕಿತ್ಸೆ ಮತ್ತು ಚಿಕಿತ್ಸಕನ ಹೊಣೆ: ಇಸ್ಲಾಮೀ ಇತಿಹಾಸದ ಕೆಲವು ಪುಟಗಳು

ಹಿಜರಿ ಮೂರನೆಯ ವರ್ಷ, ಅಂದರೆ ಕ್ರಿ.ಶ. 625ರಲ್ಲಿ ನಡೆದ ಉಹುದ್ ಯುದ್ಧದಂದು ಪ್ರವಾದಿ ಮುಹಮ್ಮದ್ (ಸ)ರವರ ಮುಖಕ್ಕೆ ಗಾಯವಾಯಿತು, ಹಲ್ಲು ಮುರಿಯಿತು, ಶಿರಸ್ತ್ರಾಣ ತಲೆಯ ಮೇಲೆಯೇ ಜಜ್ಜಿಹೋಯಿತು. ಮಗಳು ಫಾತಿಮಾ (ರ) ರಕ್ತ ತೊಳೆಯುತ್ತಿದ್ದರು. ಅಲಿ (ರ) ಗುರಾಣಿಯಲ್ಲಿ ನೀರು ತಂದು ಸುರಿಯುತ್ತಿದ್ದರು. ನೀರು ಸುರಿದಷ್ಟೂ ರಕ್ತ ಹೆಚ್ಚುತ್ತಿರುವುದನ್ನು ಕಂಡ ಫಾತಿಮಾ (ರ) ಚಾಪೆಯ ತುಂಡೊಂದನ್ನು ಸುಟ್ಟು, ಆ ಬೂದಿಯನ್ನು ಗಾಯಕ್ಕೆ ಅಂಟಿಸಿದರು. ರಕ್ತ ನಿಂತಿತು. ಸಹೀಹುಲ್ ಬುಖಾರಿಯಲ್ಲಿರುವ ಈ ವರದಿಯನ್ನು ನಮಗೆ ತಲುಪಿಸಿದವರು ಸಹಲ್ ಬಿನ್ ಸಅದ್ (ರ). ಆ ದಿನದ ಚಿಕಿತ್ಸೆಯ ಬಗ್ಗೆ ತನಗಿಂತ ಚೆನ್ನಾಗಿ ಬಲ್ಲವರು ಇನ್ನಾರೂ ಉಳಿದಿಲ್ಲವೆಂದು ಅವರು ಇಳಿವಯಸ್ಸಿನಲ್ಲಿ ಹೇಳಿದ್ದರು.

ಇಂದು ಗಾಯಕ್ಕೆ ಬೂದಿ ಹಚ್ಚುವ ಅಗತ್ಯವಿಲ್ಲ. ಶುಭ್ರವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕೆಂದು ವೈದ್ಯರು ಕಲಿಸುತ್ತಾರೆ. ನಮ್ಮ ಗಮನ ಸೆಳೆಯುವುದು ಫಾತಿಮಾ (ರ)ರವರ ಸಮಯಪ್ರಜ್ಞೆ. ನೀರಿನಿಂದ ಫಲವಿಲ್ಲವೆಂದು ಕಂಡೊಡನೆ ಅವರು ಅದನ್ನು ಬಿಟ್ಟರು, ರಕ್ತ ಕಟ್ಟುವ ಇನ್ನೊಂದು ಉಪಾಯವನ್ನು ಅರಿತಿದ್ದರು, ತಂದೆಯ ಮುಖದಿಂದ ರಕ್ತ ಸುರಿಯುತ್ತಿರುವಾಗಲೂ ಅವರ ಕೈ ತಡವರಿಸಲಿಲ್ಲ.

ಆ ಕಾಲದಲ್ಲಿ ಗಾಯಾಳುಗಳ ಶುಶ್ರೂಷೆಯನ್ನು ಬಲ್ಲ ಮಹಿಳೆಯರು ಹಲವರಿದ್ದರು. ಉಮ್ಮು ಅತಿಯ್ಯ (ರ) ಏಳು ಯುದ್ಧಗಳಲ್ಲಿ ಜೊತೆಗಿದ್ದು ಅಡುಗೆಯನ್ನೂ ಗಾಯಾಳುಗಳ ಆರೈಕೆಯನ್ನೂ ಮಾಡಿದರು. ರುಬಯ್ಯಿಅ್ ಬಿಂತ್ ಮುಅವ್ವಿದ್ (ರ) ನೀರುಣಿಸಿದರು, ಗಾಯಾಳುಗಳನ್ನು ಮದೀನಕ್ಕೆ ಸಾಗಿಸಿದರು. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್ (ರ)ರವರ ತೋಳಿನ ರಕ್ತನಾಳಕ್ಕೆ ಬಾಣ ತಗುಲಿದಾಗ ಅವರನ್ನು ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದ ರುಫೈದಾ (ರ)ರವರ ಬಳಿಗೆ ಒಯ್ಯಲಾಯಿತು. ಸಅದ್‌ರಿಗಾಗಿ ಮಸೀದಿಯಲ್ಲೇ ಡೇರೆ ಹಾಕಿಸಿ, ಪ್ರವಾದಿ (ಸ) ಹತ್ತಿರದಿಂದಲೇ ಅವರ ಕ್ಷೇಮ ವಿಚಾರಿಸುತ್ತಿದ್ದರು. ರುಫೈದಾರ ಹೆಸರಿನಲ್ಲಿ ಇಂದು ಉದ್ದುದ್ದ ಕಥೆಗಳು ಹರಿದಾಡುತ್ತವೆ; ಹಳೆಯ ಮೂಲಗಳಲ್ಲಿ ಇರುವುದು ಕೆಲವೇ ಸಾಲುಗಳು. ನಮಗೆ ಆ ಸಾಲುಗಳೇ ಸಾಕು. ಸಅದ್ (ರ) ಬದುಕಲಿಲ್ಲ. ಕಟ್ಟಿದ್ದ ಗಾಯ ಮತ್ತೆ ಒಡೆದು ರಕ್ತ ಹರಿದು ಅವರು ಕೊನೆಯುಸಿರೆಳೆದರು. ಆದರೆ ಚಿಕಿತ್ಸೆ ಕೊಟ್ಟವರನ್ನು ದೂರಿದ ಒಂದು ಮಾತೂ ನಮಗೆ ಸಿಗುವುದಿಲ್ಲ.

ಇದಕ್ಕೆ ತೀರಾ ವ್ಯತಿರಿಕ್ತವಾದ ಘಟನೆಯೊಂದು ಅಬೂದಾವೂದ್‌ನ ಹದೀಸ್ ಸಂಗ್ರಹದಲ್ಲಿದೆ. ಪ್ರಯಾಣದಲ್ಲಿದ್ದ ತಂಡವೊಂದರಲ್ಲಿ ಒಬ್ಬರ ತಲೆಗೆ ಕಲ್ಲು ಬಿದ್ದು ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ಸ್ನಾನದ ಬದಲು ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದರು. ನೀರಿರುವಾಗ ಆ ರಿಯಾಯಿತಿ ಇಲ್ಲವೆಂದು ಅವರು ಉತ್ತರಿಸಿದರು. ಗಾಯಾಳು ಸ್ನಾನ ಮಾಡಿದರು, ಮೃತಪಟ್ಟರು. ಸುದ್ದಿ ತಿಳಿದ ಪ್ರವಾದಿ (ಸ) ತೀವ್ರವಾಗಿ ಕೋಪಗೊಂಡು, ಅವನನ್ನು ಕೊಂದವರು ಅವರೇ ಎಂದರು. ತಿಳಿಯದಿದ್ದಾಗ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳಿ ತಿಳಿಯುವುದೇ ಅಲ್ಲವೇ ಎಂಬರ್ಥದಲ್ಲಿ ಗದರಿದರು.

ಆ ಜೊತೆಗಾರರ ನಿಯ್ಯತ್ ಕೆಟ್ಟದಾಗಿರಲಿಲ್ಲ. ಧರ್ಮನಿಷ್ಠೆಯಿಂದಲೇ ಹಾಗೆ ಹೇಳಿದ್ದರು. ಹಾಗಿದ್ದೂ ಆ ಸಾವಿನ ಹೊಣೆ ಅವರ ಮೇಲೆ ಬಿತ್ತು. ನಮ್ಮ ಊರುಗಳಲ್ಲಿ ರಸ್ತೆ ಅಪಘಾತವಾದಾಗ ಮೊದಲು ಓಡಿ ಬರುವವರಲ್ಲಿ ನಮ್ಮ ಹುಡುಗರೂ ಇರುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹೊಯ್ಯುವುದು, ಕುತ್ತಿಗೆಗೆ ಪೆಟ್ಟಾಗಿರಬಹುದಾದವನನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸುವುದು ಇನ್ನೂ ನಿಂತಿಲ್ಲ. ಆ ನೀರು ಶ್ವಾಸನಾಳಕ್ಕಿಳಿದು ಉಸಿರು ಕಟ್ಟಬಹುದು. ಬೆನ್ನುಹುರಿಗೆ ಪೆಟ್ಟಾದರೆ ಜೀವಮಾನವಿಡೀ ಅಂಗಗಳ ಸ್ವಾಧೀನ ತಪ್ಪಬಹುದು. ಈ ಹದೀಸನ್ನು ನಾವು ತಯಮ್ಮುಮ್‌ನ ಪಾಠದಲ್ಲಿ ಮಾತ್ರ ಓದಿ ಮುಂದೆ ಸಾಗುತ್ತೇವೆ.

ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗೆ ಇಳಿದವನು ಉಂಟಾದ ಹಾನಿಗೆ ಹೊಣೆಗಾರನೆಂಬ ಹದೀಸನ್ನು ಅಬೂದಾವೂದ್, ನಸಾಈ ಮತ್ತು ಇಬ್ನು ಮಾಜ ದಾಖಲಿಸಿದ್ದಾರೆ. ಇದನ್ನು ವಿವರಿಸುತ್ತಾ 1350ರಲ್ಲಿ ನಿಧನರಾದ ಇಬ್ನುಲ್ ಖಯ್ಯಿಮ್ ಸ್ಪಷ್ಟವಾದ ಭೇದವೊಂದನ್ನು ತೋರಿಸುತ್ತಾರೆ. ವಿದ್ಯೆ ಬಲ್ಲ ವೈದ್ಯನು ಅನುಮತಿ ಪಡೆದು, ವಿದ್ಯೆಗೆ ತಕ್ಕಂತೆ, ಕೈತಪ್ಪಿಲ್ಲದೆ ಚಿಕಿತ್ಸೆ ಮಾಡಿಯೂ ರೋಗಿ ಸತ್ತರೆ ಅವನ ಮೇಲೆ ಹೊಣೆಯಿಲ್ಲ. ಅರಿಯದೆ ಕೈಹಾಕಿದವನು ಹೊಣೆಯಿಂದ ತಪ್ಪಿಸಿಕೊಳ್ಳಲಾರ. ತುರ್ತು ವಿಭಾಗದಲ್ಲಿ ದುಡಿಯುವ ವೈದ್ಯರಿಗೆ ಈ ಮಾತಿನ ಮೊದಲರ್ಧದ ಬೆಲೆ ಗೊತ್ತು. ರೋಗಿ ತೀರಿಕೊಂಡನೆಂದು ಅವರ ಮೇಲೆ ಕೈಮಾಡುವ ಜನರಿಗೆ ಮಾತ್ರ ಅದು ತಿಳಿದಿಲ್ಲ.

ಈ ತತ್ವ ಆಡಳಿತವಾಗಿ ಜಾರಿಗೆ ಬಂದುದನ್ನು ಬಗ್ದಾದಿನಲ್ಲಿ ನೋಡಬಹುದು. 931ರಲ್ಲಿ ವೈದ್ಯನೊಬ್ಬನ ತಪ್ಪಿನಿಂದ ಸಾಮಾನ್ಯ ಮನುಷ್ಯನೊಬ್ಬ ಸತ್ತನೆಂಬ ಸುದ್ದಿ ಖಲೀಫಾ ಅಲ್ ಮುಕ್ತದಿರ್‌ಗೆ ಮುಟ್ಟಿತು. ಸಿನಾನ್ ಬಿನ್ ಸಾಬಿತ್ ಪರೀಕ್ಷಿಸಿ ಒಪ್ಪಿದವರ ಹೊರತು ಯಾರೂ ವೃತ್ತಿ ನಡೆಸಕೂಡದೆಂದು ಆಜ್ಞೆಯಾಯಿತು. ಪ್ರಖ್ಯಾತರನ್ನೂ ಆಸ್ಥಾನದವರನ್ನೂ ಬಿಟ್ಟು ಎಂಟುನೂರ ಅರವತ್ತಕ್ಕೂ ಮಿಕ್ಕಿದ ಮಂದಿ ಪರೀಕ್ಷೆಗೆ ಹಾಜರಾದರು.

ಈ ಪ್ರಸಂಗದ ಒಂದು ಕಥೆಯನ್ನು ಚರಿತ್ರಕಾರರು ಉಳಿಸಿದ್ದಾರೆ. ಒಳ್ಳೆಯ ಉಡುಪು ಧರಿಸಿದ ಗಂಭೀರ ವೃದ್ಧನೊಬ್ಬ ಬಂದಾಗ ಸಿನಾನ್ ಗೌರವದಿಂದ ಕುಳ್ಳಿರಿಸಿ, ಗುರು ಯಾರೆಂದು ವಿಚಾರಿಸಿದರು. ವೃದ್ಧನು ಚಿನ್ನದ ನಾಣ್ಯಗಳ ಪೊಟ್ಟಣವನ್ನು ಮುಂದಿಟ್ಟು, ತನಗೆ ಓದು ಬರಹ ಬಾರದು, ಸಂಸಾರ ದೊಡ್ಡದು, ಹೊಟ್ಟೆಪಾಡು ತಪ್ಪಿಸಬೇಡಿ ಎಂದು ಬೇಡಿಕೊಂಡನು. ಸಿನಾನ್ ನಕ್ಕರು, ಅರಿಯದ ಮದ್ದು ಕೊಡಕೂಡದು, ರಕ್ತ ತೆಗೆಯಕೂಡದು, ಸಣ್ಣಪುಟ್ಟ ಕಾಯಿಲೆಗಲ್ಲದೆ ಭೇದಿಮದ್ದು ಕೊಡಕೂಡದು ಎಂದು ಷರತ್ತು ಹಾಕಿ ಬಿಟ್ಟರು. ಮರುದಿನ ಯುವಕನೊಬ್ಬ ಬಂದ. ಯಾರಲ್ಲಿ ಕಲಿತೆ ಎಂದರೆ ತಂದೆಯಲ್ಲಿ ಎಂದ. ತಂದೆ ನಿನ್ನೆಯ ಅದೇ ವೃದ್ಧ! ಅವನಿಗೂ ಅದೇ ಷರತ್ತು ವಿಧಿಸಲಾಯಿತು. ಸಿನಾನ್ ಹೆಚ್ಚು ಉದಾರಿಯಾದರೆಂದು ನಮಗೆ ತೋರುತ್ತದೆ. ಆದರೂ ಅವರ ಷರತ್ತು ಅರ್ಥಪೂರ್ಣ: ಕಲಿತಷ್ಟಕ್ಕೆ ಕೈ ಮೀಸಲು.

ನಂತರದ ಕಾಲದಲ್ಲಿ ಮಾರುಕಟ್ಟೆಯ ತೂಕ ಅಳತೆ ನೋಡುತ್ತಿದ್ದ ಮುಹ್ತಸಿಬ್ ಅಧಿಕಾರಿಯೇ ವೈದ್ಯರನ್ನೂ ಮೂಳೆ ಕಟ್ಟುವವರನ್ನೂ ನೋಡಿಕೊಳ್ಳಬೇಕಾಗಿತ್ತು. ಹನ್ನೆರಡನೆಯ ಶತಮಾನದ ಶೈಝರಿಯ ಕೈಪಿಡಿಯ ಪ್ರಕಾರ ವೈದ್ಯನು ಔಷಧದ ಚೀಟಿಯ ಪ್ರತಿಯನ್ನು ರೋಗಿಯ ಮನೆಯವರಿಗೆ ಕೊಡಬೇಕು. ರೋಗಿ ಸತ್ತರೆ ಅವರು ಆ ಚೀಟಿಗಳನ್ನು ಮುಖ್ಯ ವೈದ್ಯನಿಗೆ ತೋರಿಸಬೇಕು. ತಪ್ಪು ಕಂಡುಬಂದರೆ ವೈದ್ಯನಿಂದ ದಿಯತ್ ವಸೂಲಿ ಮಾಡಬೇಕು.

ಕೈಚಳಕದ ವಿಷಯದಲ್ಲಿ ಅಂದಲೂಸಿನ ಅಬುಲ್ ಕಾಸಿಮ್ ಅಲ್ ಝಹ್ರಾವಿ ಎಲ್ಲರಿಗಿಂತ ಮುಂದಿದ್ದಾರೆ. ಕುರ್ತುಬಾ ಸಮೀಪದ ಮದೀನತುಝ್ಝಹ್ರಾದ ಈ ವೈದ್ಯರ ಮೂವತ್ತು ಭಾಗಗಳ ‘ಅತ್ತಸ್ರೀಫ್’ ಕೃತಿಯ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅಪಧಮನಿ ಕಡಿದು ರಕ್ತ ಚಿಮ್ಮಿದರೆ ಮೊದಲು ಅದರ ಬಾಯಿಗೆ ತೋರುಬೆರಳಿಟ್ಟು ಬಲವಾಗಿ ಒತ್ತಬೇಕು. ಆಮೇಲೆ ಕಾದ ಕಬ್ಬಿಣದಿಂದ ಸುಡುವುದೋ, ನಾಳವನ್ನು ದಾರದಿಂದ ಬಿಗಿಯುವುದೋ, ಮದ್ದಿಟ್ಟು ಕಟ್ಟುವುದೋ. ವೈದ್ಯನೂ ಮದ್ದೂ ಇಲ್ಲದ ಜಾಗದಲ್ಲಿದ್ದರೆ ಹಾಗೆಯೇ ಒತ್ತಿ ಹಿಡಿದು ತಣ್ಣೀರು ಸುರಿಯುತ್ತಿರಬೇಕೆಂದೂ ಬರೆದಿದ್ದಾರೆ. ಶಸ್ತ್ರವೈದ್ಯರ ಗ್ರಂಥದಲ್ಲಿ ಸಾಮಾನ್ಯನಿಗೂ ಹೀಗೆ ನಾಲ್ಕು ಮಾತು ದೊರೆತಿರುವುದು ವಿಶೇಷ.

ದಾಸಿ ಹುಡುಗಿಯೊಬ್ಬಳು ಚೂರಿಯಿಂದ ತನ್ನ ಗಂಟಲನ್ನು ಕೊಯ್ದುಕೊಂಡಾಗ ಅವರನ್ನು ಕರೆಸಲಾಯಿತು. ಕೊಯ್ದ ಪ್ರಾಣಿಯಂತೆ ಆಕೆ ಸದ್ದು ಮಾಡುತ್ತಿದ್ದಳು. ಅವರು ಪರೀಕ್ಷಿಸಿದರು: ಹರಿದ ರಕ್ತ ಅಲ್ಪ, ದೊಡ್ಡ ನಾಳಗಳು ಕಡಿದಿಲ್ಲ, ಉಸಿರು ಮಾತ್ರ ಗಾಯದಿಂದ ಹೊರಬರುತ್ತಿದೆ. ಕೂಡಲೇ ಹೊಲಿಗೆ ಹಾಕಿದರು. ಹುಡುಗಿ ಬದುಕಿದಳು, ದನಿ ಒಡೆದದ್ದಷ್ಟೇ ಉಳಿಯಿತು. ಶ್ವಾಸನಾಳವನ್ನು ಕೊಯ್ದರೆ ಸಾವು ಖಚಿತವೆಂಬ ಭಯ ಸರಿಯಲ್ಲವೆಂದು ಅವರು ಇದರಿಂದ ತಿಳಿದು, ಹಾಗೆಯೇ ಬರೆದಿಟ್ಟರು. ಅದೇ ಕೃತಿಯ ಪೀಠಿಕೆಯಲ್ಲಿ, ಹೆಂಗಸೊಬ್ಬಳ ಕುತ್ತಿಗೆಯ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿ ಆಕೆಯನ್ನು ಕೊಂದ ಮೂಢ ವೈದ್ಯನೊಬ್ಬನನ್ನೂ ನೆನೆದಿದ್ದಾರೆ. ಎರಡೂ ಕುತ್ತಿಗೆಯ ಗಾಯಗಳೇ.

ಈ ವೃತ್ತಿಯ ದಿನಚರಿ ಅಂದೂ ಕಠಿಣವಾಗಿತ್ತು. 982ರಲ್ಲಿ ಬಗ್ದಾದಿನಲ್ಲಿ ತೆರೆದ ಅದುದೀ ಆಸ್ಪತ್ರೆಯಲ್ಲಿ ಇಪ್ಪತ್ನಾಲ್ಕು ವೈದ್ಯರಿದ್ದರು. ಕಣ್ಣಿನವರು, ಶಸ್ತ್ರಕಾರರು, ಮೂಳೆ ಕಟ್ಟುವವರು ಅವರಲ್ಲಿ ಸೇರಿದ್ದರು. ಕ್ರೈಸ್ತ ವೈದ್ಯ ಮನೆತನದ ಜಿಬ್ರೀಲ್ ಬಿನ್ ಉಬೈದುಲ್ಲಾಹ್‌ರ ಪಾಳಿ ವಾರದಲ್ಲಿ ಎರಡು ಹಗಲು, ಎರಡು ರಾತ್ರಿ. ಇಂದಿನ ಯುವ ವೈದ್ಯರಿಗೆ ಆ ಲೆಕ್ಕ ಅಪರಿಚಿತವಲ್ಲ.

ಈಜಿಪ್ಟಿನ ಅಹ್ಮದ್ ಇಬ್ನು ತೂಲೂನ್ 872ರ ಸುಮಾರಿಗೆ ಆಸ್ಪತ್ರೆ ಕಟ್ಟಿಸಿದ್ದು ಪ್ರಸಿದ್ಧ. ಆದರೆ 879ರಲ್ಲಿ ಪೂರ್ಣಗೊಂಡ ಅವನ ಮಸೀದಿಯ ಒಂದು ವ್ಯವಸ್ಥೆಯನ್ನು ಚರಿತ್ರಕಾರ ಮಕ್ರೀಝಿ ದಾಖಲಿಸಿರುವುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಮಸೀದಿಯ ಹಿಂಭಾಗದಲ್ಲಿ ವುದೂ ಮಾಡುವ ಸ್ಥಳವೂ, ಪಾನಕ ಔಷಧಗಳ ಒಂದು ಕೋಣೆಯೂ, ಅದಕ್ಕೆ ಸೇವಕರೂ ಇದ್ದರು. ಶುಕ್ರವಾರದ ನಮಾಝಿಗೆ ನೆರೆದವರಲ್ಲಿ ಯಾರಿಗಾದರೂ ಹಠಾತ್ತನೆ ಏನಾದರೂ ಆದರೆಂದು ಜುಮಾ ದಿನ ಅಲ್ಲಿ ವೈದ್ಯನೊಬ್ಬ ಕುಳಿತಿರುತ್ತಿದ್ದ.