ಸಸಿಗೆ ದೀಪಾ ಹಚ್ಚೂಕಿಂತ ಮೊದಲ

ಮನಿಯೊಳಗ ಪುದೀನಾ ಬೆಳಸಾಕ ನೂರು ವ್ಯಾಟಿನ ಎರಡು ಗ್ರೋ ಲೈಟ್ ತರಿಸೀನ್ರಿ. ಹಚ್ಚೂಕಿಂತ ಮೊದಲ ನಮ್ಮ ಅತ್ತಿಯವರ ಫ್ಯೂಜಿನ ಕತಿ ನೆನಪಾತು.

ಶಿವನಸಮುದ್ರದ ಕರೆಂಟು 1902ರಾಗ ಮೊದಲ ಹೋಗಿದ್ದು ಮನಿಗಳಿಗಲ್ಲ, ಕೋಲಾರದ ಚಿನ್ನದ ಗಣಿಗೆ. 1905ರಾಗ ಬೆಂಗಳೂರಿನ ಬೀದಿಗೆ ದೀಪ ಬಂತು. ಮುಂದ ಮನಿಗೆ ಬಂದಾಗೂ ಕರೆಂಟ್ ಅಂದ್ರ ದೀಪನ. ನಾವು ಇನ್ನೂ ‘ಲೈಟ್ ಬಿಲ್’ ಅಂತೀವಲ್ಲ! ಹಳೇ ಮನಿ ವೈರಿಂಗೂ ದೀಪ, ಫ್ಯಾನಿನ ಲೆಕ್ಕದ್ದ.

ಅಂಥಾ ಲೈನಿಗೆ ಅತ್ತಿಯವರು ಇಸ್ತ್ರಿ ಪೆಟಗಿ ಹಚ್ಚಿದಾಗೊಮ್ಮೆ ಫ್ಯೂಜ್ ಹೋಗತಿತ್ತು. ಬ್ಯಾಸತ್ತು ದಪ್ಪ ತಂತಿ ಸುತ್ತಿದ್ರು. ಫ್ಯೂಜ್ ಉಳೀತು, ಗೋಡಿಯೊಳಗಿನ ವೈರ್ ಸುಟ್ಟು ವಾಸನಿ ಬಂತು. ಫ್ಯೂಜಿನ ಕೆಲಸನ ತಾ ಕರಗಿ ಮನಿ ಉಳಸೋದು. 1924ರಾಗ ಜರ್ಮನಿಯ ಹ್ಯೂಗೋ ಸ್ಟೋಟ್ಸ್ ತಾನ ಬೀಳೋ ಸ್ವಿಚ್ ಮಾಡಿದ. ಅದ ಇವತ್ತಿನ ಎಂಸಿಬಿ. ತಂತಿ ಸುತ್ತೂದು ತಪ್ಪಿತು, ವೈರಿನ ಮಿತಿ ಹಂಗ ಉಳೀತು.

ನಮ್ಮಲ್ಲಿ ಲೈಟ್-ಫ್ಯಾನಿನ ಒಂದು ಲೈನಿಗೆ 800 ವ್ಯಾಟ್ ಮೀರಬಾರದು ಅಂತ ವೈರಿಂಗ್ ಪದ್ಧತಿ ಐತಿ. ನನ್ನ ಲೆಕ್ಕ ನೋಡ್ರಿ: ನಾಕು ಫ್ಯಾನ್ 300, ಟಿವಿ 100, ಗ್ರೋ ಲೈಟ್ 200, ಒಟ್ಟು 600. ನಡೀತದ. ಅದರಾಗ 500 ವ್ಯಾಟಿನ ಮಿಕ್ಸರ್ ಸೇರಿದ್ರ 1100, ಕೆಟ್ಟಿತು. ಗ್ರೋ ಲೈಟ್ ಮಿಕ್ಸರಿನಂಗ ಎರಡು ನಿಮಿಷದ್ದಲ್ಲ, ದಿನಾ ಹತ್ತು ಹನ್ನೆರಡು ತಾಸು ಉರೀತದ. ವೈರಿಗೆ ಆರೂದಕ್ಕ ಪುರಸೊತ್ತಿಲ್ಲ.

ಅದಕ್ಕ ಮಿಕ್ಸರ್ ಪವರ್ ಪಾಯಿಂಟಿಗೆ ಹಚ್ಚೀನಿ. ಎಂಸಿಬಿ ಪದೇಪದೇ ಬಿದ್ದರ ದೊಡ್ಡದು ಹಾಕಸಬ್ಯಾಡ್ರಿ ಅಕ್ಕಾ, ಲೋಡ್ ಕಡಿಮಿ ಮಾಡ್ರಿ.