ಸಂಬಳದಿಂದ ಹುಟ್ಟಿದ ಅಂಕಪಟ್ಟಿ: ಪ್ರೆಸ್ಟನ್ ನಾರ್ತ್ ಎಂಡ್ ಮತ್ತು ಇಂಗ್ಲೆಂಡಿನ ಫುಟ್‌ಬಾಲ್ ಲೀಗ್

ಫುಟ್‌ಬಾಲ್ ಲೀಗಿನ ಅಂಕಪಟ್ಟಿ ಹುಟ್ಟಿದ್ದು ಇಂಗ್ಲೆಂಡಿನ ಗಿರಣಿ, ಕಾರ್ಖಾನೆಗಳ ಪಟ್ಟಣಗಳಲ್ಲಿ. ಆಟಗಾರರಿಗೆ ಸಂಬಳ ಕೊಡಬೇಕಾಗಿ ಬಂದ ಕ್ಲಬ್‌ಗಳು ಖಾತರಿಯ ಆದಾಯಕ್ಕಾಗಿ ಲೀಗ್ ಕಟ್ಟಿಕೊಂಡವು. ಲೀಗಿನ ಲೆಕ್ಕ ಇಡಲು ಅಂಕಪಟ್ಟಿ ಬಂತು. ಈ ಎರಡೂ ಬೆಳವಣಿಗೆಗಳಲ್ಲಿ ಲ್ಯಾಂಕಾಷೈರಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ ಮುಂಚೂಣಿಯಲ್ಲಿತ್ತು.

ಪ್ರೆಸ್ಟನ್ ಹತ್ತಿ ಗಿರಣಿಗಳ ಊರು. ನಾರ್ತ್ ಎಂಡ್ ಮೊದಲಿಗೆ ಕ್ರಿಕೆಟ್ ಕ್ಲಬ್ಬಾಗಿತ್ತು. 1875ರಲ್ಲಿ ಡೀಪ್‌ಡೇಲ್ ಜಾಗವನ್ನು ಗುತ್ತಿಗೆಗೆ ಪಡೆದ ಅದು, 1880ರಲ್ಲಿ ಫುಟ್‌ಬಾಲಿಗೆ ಹೊರಳಿತು. ಗಿರಣಿಯೊಂದರ ವ್ಯವಸ್ಥಾಪಕ ವಿಲಿಯಂ ಸಡೆಲ್ ಸ್ಕಾಟ್ಲೆಂಡಿನ ನುರಿತ ಆಟಗಾರರನ್ನು ಕರೆತಂದು ತಂಡ ಕಟ್ಟಿದರು. ಹಣ ಪಡೆದು ಆಡುವುದಕ್ಕೆ ಆಗ ನಿಷೇಧವಿತ್ತು. 1884ರ ಎಫ್‌ಎ (ಫುಟ್‌ಬಾಲ್ ಅಸೋಸಿಯೇಷನ್) ಕಪ್‌ನಲ್ಲಿ ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ಈ ಬಗ್ಗೆ ದೂರಿದಾಗ ಸಡೆಲ್ ಮುಚ್ಚಿಡದೆ ಒಪ್ಪಿಕೊಂಡರು. ಪ್ರೆಸ್ಟನ್ ಟೂರ್ನಿಯಿಂದ ಹೊರಬಿತ್ತು. ಪ್ರತ್ಯೇಕ ಸಂಘ ಕಟ್ಟುವುದಾಗಿ ಉತ್ತರದ ಕ್ಲಬ್‌ಗಳು ಪಟ್ಟು ಹಿಡಿದ ಮೇಲೆ, 1885ರ ಜುಲೈನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ವೃತ್ತಿಪರ ಆಟಗಾರರಿಗೆ ಮಾನ್ಯತೆ ನೀಡಿತು.

ಇದರಿಂದ ಹೊಸ ತೊಡಕೊಂದು ಎದುರಾಯಿತು. ಸಂಬಳ ವಾರವಾರವೂ ಕೊಡಬೇಕು. ಪಂದ್ಯಗಳು ಮಾತ್ರ ವಾರವಾರ ನಡೆಯುವ ಖಾತರಿ ಇರಲಿಲ್ಲ. ಕಪ್‌ನಲ್ಲಿ ಬೇಗ ಸೋತರೆ ಟಿಕೆಟ್ ಹಣ ನಿಲ್ಲುತ್ತಿತ್ತು. ಸೌಹಾರ್ದ ಪಂದ್ಯಗಳು ಕೊನೆ ಗಳಿಗೆಯಲ್ಲಿ ರದ್ದಾಗುತ್ತಿದ್ದವು. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ 1888ರ ಮಾರ್ಚ್ 2ರಂದು ಕೆಲವು ಕ್ಲಬ್‌ಗಳಿಗೆ ಪತ್ರ ಬರೆದು, ಮೊದಲೇ ಗೊತ್ತುಪಡಿಸಿದ ದಿನಗಳಲ್ಲಿ ಪರಸ್ಪರ ಆಡುವ ಏರ್ಪಾಡನ್ನು ಸೂಚಿಸಿದರು. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನಲ್ಲಿ ಫುಟ್‌ಬಾಲ್ ಲೀಗ್ ರೂಪುಗೊಂಡಿತು. ಲ್ಯಾಂಕಾಷೈರಿನ ಆರು, ಮಿಡ್‌ಲ್ಯಾಂಡ್ಸ್‌ನ ಆರು, ಒಟ್ಟು 12 ಕ್ಲಬ್‌ಗಳು. ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದರಂತೆ ತಲಾ 22 ಪಂದ್ಯಗಳು. ಸೆಪ್ಟೆಂಬರ್ 8ರಂದು ಆಟ ಶುರುವಾದರೂ ಅಂಕ ನೀಡುವ ಕ್ರಮ ತೀರ್ಮಾನವಾಗಿರಲಿಲ್ಲ. ಗೆಲುವಿಗೆ ಎರಡು, ಡ್ರಾಗೆ ಒಂದು ಅಂಕ ಎಂಬ ನಿಯಮ ಬಂದದ್ದು ನವೆಂಬರಿನಲ್ಲಿ.

ಆ ಮೊದಲ ಪಟ್ಟಿಯ ಮೇಲಿನ ಸಾಲು ಪ್ರೆಸ್ಟನ್ನಿನದು: ಪಂದ್ಯ 22, ಗೆಲುವು 18, ಡ್ರಾ 4, ಸೋಲು 0, ಹೊಡೆದ ಗೋಲು 74, ಬಿಟ್ಟುಕೊಟ್ಟ ಗೋಲು 15, ಅಂಕ 40. ಎರಡನೆಯ ಸ್ಥಾನದ ಆಸ್ಟನ್ ವಿಲ್ಲಾ ಗಳಿಸಿದ್ದು 29 ಅಂಕ. ಅದೇ ಋತುವಿನಲ್ಲಿ ಪ್ರೆಸ್ಟನ್ ಒಂದೂ ಗೋಲು ಬಿಟ್ಟುಕೊಡದೆ ಎಫ್‌ಎ ಕಪ್ಪನ್ನೂ ಗೆದ್ದು ‘ಅಜೇಯರು’ ಎನಿಸಿಕೊಂಡಿತು. ಮರುವರ್ಷವೂ ಲೀಗ್ ಪ್ರಶಸ್ತಿ ಅದಕ್ಕೇ ದಕ್ಕಿತು. ನಂತರದ ಮೂರು ಋತುಗಳಲ್ಲಿ ಎರಡನೆಯ ಸ್ಥಾನ. 1895ರಲ್ಲಿ ಸಡೆಲ್ ಗಿರಣಿಯ ಹಣ ದುರುಪಯೋಗದ ಪ್ರಕರಣದಲ್ಲಿ ಜೈಲು ಸೇರಿದರು.

ಅಂಕ ಸಮವಾದರೆ ಯಾರು ಮೇಲೆ ಎಂಬ ಪ್ರಶ್ನೆಗೆ ದೀರ್ಘಕಾಲ ಉತ್ತರವಾಗಿದ್ದದ್ದು ಗೋಲು ಸರಾಸರಿ: ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುವ ಕ್ರಮ. 1952–53ರಲ್ಲಿ ಇದೇ ಭಾಗಾಕಾರದಲ್ಲಿ ಪ್ರೆಸ್ಟನ್ ಹಿಂದೆ ಬಿತ್ತು. ಲಂಡನ್ನಿನ ಆರ್ಸೆನಲ್ ಮತ್ತು ಪ್ರೆಸ್ಟನ್ ಎರಡೂ 42 ಪಂದ್ಯಗಳಲ್ಲಿ 21 ಗೆದ್ದು, 12 ಡ್ರಾ ಮಾಡಿ, 9 ಸೋತು 54 ಅಂಕ ಗಳಿಸಿದ್ದವು. ಆರ್ಸೆನಲ್‌ನ ಗೋಲುಗಳು 97–64, ಸರಾಸರಿ 1.516, ಪ್ರೆಸ್ಟನ್ನಿನದು 85–60, ಸರಾಸರಿ 1.417. ಪ್ರಶಸ್ತಿ ಲಂಡನ್ನಿಗೆ ಹೋಯಿತು.

1976–77ರಿಂದ ಭಾಗಾಕಾರ ಹೋಗಿ ವ್ಯವಕಲನ ಬಂತು. ಗೋಲು ಅಂತರದ ಈ ಲೆಕ್ಕ ಹೆಚ್ಚು ಗೋಲು ಹೊಡೆಯುವ ತಂಡಕ್ಕೆ ಅನುಕೂಲ. ಆಕ್ರಮಣಕಾರಿ ಆಟಕ್ಕೆ ಉತ್ತೇಜನ ನೀಡಲು 1981–82ರಲ್ಲಿ ಗೆಲುವಿಗೆ ಮೂರು ಅಂಕವಾಯಿತು. 1953ರ ಪಟ್ಟಿಯನ್ನು ಈ ನಿಯಮಗಳಿಂದ ಮತ್ತೆ ಲೆಕ್ಕ ಹಾಕಿದರೂ ಎರಡೂ ತಂಡಗಳಿಗೆ 75 ಅಂಕ. ಗೋಲು ಅಂತರದಲ್ಲಿ 33 ಪಡೆದ ಆರ್ಸೆನಲ್ಲೇ ಮುಂದು, 25 ಪಡೆದ ಪ್ರೆಸ್ಟನ್ ಹಿಂದೆ.

ಪ್ರೆಸ್ಟನ್ನಿನಲ್ಲೇ ಹುಟ್ಟಿ, ಕ್ಲಬ್ಬಿಗಾಗಿಯೇ ಆಡಿದ ಟಾಮ್ ಫಿನ್ನಿ 1960ರಲ್ಲಿ ನಿವೃತ್ತರಾದರು. 1961ರ ಜನವರಿಯಲ್ಲಿ ಆಟಗಾರರಿಗಿದ್ದ ವಾರಕ್ಕೆ 20 ಪೌಂಡಿನ ಸಂಬಳ ಮಿತಿ ರದ್ದಾಯಿತು. ಅದೇ ಋತುವಿನ ಕೊನೆಗೆ ಪ್ರೆಸ್ಟನ್ ಆಗ ಅತ್ಯುನ್ನತ ಶ್ರೇಣಿಯಾಗಿದ್ದ ಪ್ರಥಮ ಡಿವಿಷನ್ನಿನಿಂದ ಹಿಂಬಡ್ತಿ ಪಡೆಯಿತು. ಅಂದಿನಿಂದ ಈಚೆಗೆ ಅತ್ಯುನ್ನತ ಶ್ರೇಣಿಯ ಅಂಕಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಂಡಿಲ್ಲ.