ಧಾತು-ಈಶ್ವರ ಬರವೂ ವಂತಿಗೆಯ ಲೆಕ್ಕವೂ

ಕೊಟ್ಟದ್ದನ್ನು ಲೆಕ್ಕವಿಡದೆ ಮರೆಯುವುದೇ ದಾಸೋಹವೆಂಬ ಭಾವನೆ ಸದ್ಭಕ್ತರಲ್ಲಿ ಬೇರೂರಿದೆ. ರಸೀದಿ, ಜಾಹೀರಾತು, ದಾನಿಗಳ ಪಟ್ಟಿ ಇವೆಲ್ಲ ವ್ಯಾಪಾರದ ಸಂಗತಿಗಳೆಂದು ಮೂಗು ಮುರಿಯುವವರೂ ಉಂಟು. ನೂರೈವತ್ತು ವರ್ಷಗಳ ಹಿಂದಿನ ಮಹಾಕ್ಷಾಮದ ಚರಿತ್ರೆಯನ್ನು ಅವಲೋಕಿಸಿದರೆ ಈ ಮಾತು ಅಷ್ಟು ಸರಳವಲ್ಲವೆಂಬುದು ವೇದ್ಯವಾಗುತ್ತದೆ.

1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಸುಮಾರು 50 ಲಕ್ಷ ಜನರಿದ್ದ ಮೈಸೂರು ಸಂಸ್ಥಾನವು 10 ಲಕ್ಷದಷ್ಟು ಜನರನ್ನು ಕಳೆದುಕೊಂಡಿತು. ಬೆಂಗಳೂರು ದಂಡಿಗೆ 1864ರಲ್ಲಿಯೇ ಮದರಾಸಿನ ಕಡೆಯಿಂದ ರೈಲು ಬಂದಿತ್ತು. ಧಾನ್ಯವೂ ಬಂದಿತು. ಆದರೆ ಕೈಯಲ್ಲಿ ಕಾಸಿಲ್ಲದವನಿಗೆ ನಿಲ್ದಾಣದ ಮೂಟೆಗಳಿಂದ ಪ್ರಯೋಜನವೇನು?

1877ರ ಆಗಸ್ಟ್‌ನಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿ, ಲಂಡನ್ನಿನ ಮೇಯರರಿಗೆ ತಂತಿಯ ಮೂಲಕ ಮೊರೆಯಿಡಲಾಯಿತು. ಕೆಲವೇ ತಿಂಗಳಲ್ಲಿ 7 ಲಕ್ಷ ಪೌಂಡಿಗೆ ಸಮೀಪದ ವಂತಿಗೆ ಕೂಡಿತು. ಬ್ರಿಟನ್ನಿನ ಊರೂರುಗಳಲ್ಲಿ ಸಂಗ್ರಹ ನಡೆಯಿತು. ಲ್ಯಾಂಕಷೈರಿನ ಗಿರಣಿಯ ಊರುಗಳೂ ಕೊಟ್ಟವು. ಮದರಾಸಿನ ಸಮಿತಿಯ ಕಾರ್ಯದರ್ಶಿ ವಿಲಿಯಂ ಡಿಗ್ಬಿ ಪತ್ರಿಕಾ ಸಂಪಾದಕರಾಗಿದ್ದುದು ಗಮನಾರ್ಹ. ಕಾಣದ ಊರಿನ ಹಸಿವನ್ನು ಕಾಣದವರ ಮನೆಬಾಗಿಲಿಗೆ ಒಯ್ಯಬಲ್ಲದ್ದು ಅಂದು ಪತ್ರಿಕೆಯೊಂದೇ ಆಗಿತ್ತು.

ವೈಸರಾಯ್ ಲಿಟ್ಟನ್ನರಿಗೆ ಈ ಮೊರೆ ಹಿಡಿಸಲಿಲ್ಲ. ದಕ್ಷಿಣಕ್ಕೆ ಬಂದು ಹೋದ ಮೇಲೆ ಹೊಣೆಯನ್ನು ಹಂಚಲಾಯಿತು: ಪ್ರಾಣ ಉಳಿಸುವುದು ಸರ್ಕಾರದ ಕೆಲಸ, ಅನಾಥ ಮಕ್ಕಳ ಪೋಷಣೆ, ಗಂಜಿಕೇಂದ್ರಕ್ಕೆ ಬರಲು ನಾಚುವ ಮರ್ಯಾದಸ್ಥರಿಗೆ ನೆರವು, ರೈತನಿಗೆ ಬಿತ್ತನೆ ಬೀಜ ಮತ್ತು ಎತ್ತು, ಇವು ನಿಧಿಯ ಕೆಲಸ. ಕೊಟ್ಟ ಕಾಸು ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡಿದ ಈ ಕ್ರಮವನ್ನು ನಾವು ವ್ಯಾಪಾರವೆಂದು ತಳ್ಳಿಹಾಕಲಾಗದು. ನಾಚುವವನ ಮಾನ ಉಳಿಸುವ ವಿವೇಕ ಅದರಲ್ಲಿತ್ತು. ಆದರೆ ಅದೇ ಸರ್ಕಾರ ಆ ವರ್ಷಗಳಲ್ಲಿಯೇ ಬರಪೀಡಿತ ಕೂಲಿಕಾರರ ಕೂಲಿಯನ್ನು ಕಡಿತಗೊಳಿಸಿತ್ತೆಂಬುದನ್ನು ಮರೆಯುವಂತಿಲ್ಲ. ವಂತಿಗೆಯು ಕರ್ತವ್ಯಲೋಪಕ್ಕೆ ಮುಸುಕಾಗುವ ಅಪಾಯ ಅಂದೂ ಇತ್ತು.

ನಮ್ಮ ನೆಲದಲ್ಲಿ ಕೊಡುವ ರೀತಿ ಬೇರೆಯಿತ್ತು. ದಂಡಿನ ವರ್ತಕ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿಯೇ ಬಡಮಕ್ಕಳಿಗೆ ಶಾಲೆ ತೆರೆದಿದ್ದರು. ವೀಳ್ಯದೆಲೆಯ ವ್ಯಾಪಾರದಿಂದ ಸಿರಿವಂತರಾದ ಮಲ್ಲಪ್ಪಶೆಟ್ಟರು ತಮ್ಮ ಗಳಿಕೆಯನ್ನು ನೀರಿಗಾಗಿ ವಿನಿಯೋಗಿಸಿ ಕೃಷ್ಣರಾಜಪುರದಾಚೆ ಕೆರೆ ಕಟ್ಟಿಸಿದರು. ತಂತಿಯಿಲ್ಲ, ಸಮಿತಿಯಿಲ್ಲ, ಕಾಯಕದ ಗಳಿಕೆ ನೇರವಾಗಿ ಕೆರೆಯಾಯಿತು. ಹಳೆಯ ಮದರಾಸು ರಸ್ತೆಯಲ್ಲಿ ಹೊಸಕೋಟೆಗೆ ಹೋಗುವವರಿಗೆ ಅದು ಇಂದಿಗೂ ಎಲೆ ಮಲ್ಲಪ್ಪಶೆಟ್ಟಿ ಕೆರೆ.